ಪೇಂಟ್‌ಬಾಲ್ ಗನ್ನಿನಲ್ಲಿ ಗಾಳಿ ಸೋರಿಕೆ: ದಾವಣಗೆರೆ, ಚಿತ್ರದುರ್ಗದ ಆಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಹೊರಗಿನ ಒಂದು ಫೀಲ್ಡ್‌ನಲ್ಲಿ ಬಾಡಿಗೆ ಗನ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸ್ವಂತ ಗನ್ ಇಟ್ಟುಕೊಂಡ ಕಾಲೇಜು ಹುಡುಗರು, ಚಿತ್ರದುರ್ಗದಿಂದ ಬೈಕ್‌ನಲ್ಲಿ ಬರುವವರು, ಹೊಸದಾಗಿ ಫೀಲ್ಡ್ ಶುರು ಮಾಡಬೇಕು ಅನ್ನುವವರು, ಎಲ್ಲರೂ ಕೇಳುವುದು ಸೋರಿಕೆ ಬಗ್ಗೆಯೇ. ಫೋನ್‌ನಲ್ಲಿ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಗನ್ ಅಂದರೂ ಮಾರ್ಕರ್ ಅಂದರೂ ಇಲ್ಲಿ ಒಂದೇ.

ಗನ್ "ಸುಯ್" ಅಂತಿದೆ ಅಣ್ಣಾ. ಮೊದಲು ಏನು ಬಿಚ್ಚಲಿ?

ಏನೂ ಬಿಚ್ಚಬೇಡಿ. ಗಾಳಿ ಯಾವ ಜಾಗದಿಂದ ಹೊರಗೆ ಬರುತ್ತಿದೆ ಅನ್ನುವುದು ಗೊತ್ತಾಗಬೇಕಾದರೆ ಗನ್ ಇಡಿಯಾಗಿ ಇರಬೇಕು, ಒಳಗೆ ಪ್ರೆಶರ್ ಇರಬೇಕು. ಸದ್ದು ಕೇಳಿದ ಕೂಡಲೇ ಅಲೆನ್ ಕೀ ಹಿಡಿದು ಕೂರುವವರು ಕೊನೆಗೆ ಎಲ್ಲಾ ಸ್ಪ್ರಿಂಗನ್ನೂ ಪ್ಲಾಸ್ಟಿಕ್ ಕವರ್‌ನಲ್ಲಿ ತುಂಬಿಕೊಂಡು ನನ್ನ ಹತ್ತಿರ ಬರುತ್ತಾರೆ. ಆಗ ಮೊದಲು ಜೋಡಿಸಬೇಕು, ಆಮೇಲೆ ಗಾಳಿ ತುಂಬಬೇಕು, ಆಮೇಲೆ ಹುಡುಕಬೇಕು. ಒಂದು ಕೆಲಸಕ್ಕೆ ಮೂರು ಕೆಲಸ.

ಗಾಳಿ ಹೊರಬರಲು ಇರುವ ದಾರಿಗಳು ಕೆಲವೇ. ಟ್ಯಾಂಕ್ ಗನ್ನಿಗೆ ಕೂರುವ ಜಾಗ, ಹೋಸ್ ಮತ್ತು ಅದರ ಫಿಟ್ಟಿಂಗ್, ರೆಗ್ಯುಲೇಟರ್ (ಪ್ರೆಶರ್ ಹದ ಮಾಡುವ ಭಾಗ) ಇದ್ದರೆ ಅದರ ಸಣ್ಣ ತೂತು, ಟ್ರಿಗರ್ ಹತ್ತಿರದ ಸಂದು, ಹಿಂಭಾಗ, ಬ್ಯಾರಲ್ ಬಾಯಿ. ಇಷ್ಟೇ. ಒಂದೊಂದು ಜಾಗಕ್ಕೂ ಕಾರಣ ಬೇರೆ, ಆದ್ದರಿಂದ ಜಾಗ ಸಿಕ್ಕರೆ ಒಳಗಿನ ಯಾವ ಭಾಗ ಹಾಳಾಗಿದೆ ಅನ್ನುವುದೂ ಬಹುಪಾಲು ಸಿಕ್ಕಿಬಿಡುತ್ತದೆ.

ಜಾಗ ಕಂಡುಹಿಡಿಯೋದು ಹೇಗೆ? ಎಲ್ಲಾ ಕಡೆಯಿಂದಲೂ ಸದ್ದು ಬಂದ ಹಾಗೆ ಕೇಳುತ್ತೆ.

ಕಿವಿ ಮೋಸ ಮಾಡುತ್ತದೆ, ಸೋಪಿನ ನೀರು ಮಾಡುವುದಿಲ್ಲ. ಅರ್ಧ ಲೋಟ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ ಹಾಕಿ. ನೊರೆ ಬರುವಷ್ಟು ಕದಡಬೇಡಿ, ನೊರೆಯಲ್ಲಿ ಗುಳ್ಳೆ ಕಾಣುವುದಿಲ್ಲ. ಹಳೆಯ ಪೇಂಟ್ ಬ್ರಶ್‌ನಿಂದ ಒಂದೊಂದು ಜಾಯಿಂಟ್‌ಗೂ ಹಚ್ಚಿ, ಕಾಲು ನಿಮಿಷ ಕಾಯಿರಿ. ದೊಡ್ಡ ಸೋರಿಕೆ ಗುಳ್ಳೆಯನ್ನು ಒಡೆದು ಹಾಕುತ್ತದೆ. ಸಣ್ಣದು ಬಿಳಿ ನೊರೆಯಾಗಿ ನಿಧಾನಕ್ಕೆ ಬೆಳೆಯುತ್ತದೆ.

ಈ ಹೊತ್ತಿನಲ್ಲಿ ಕಣ್ಣಿಗೆ ಗಾಗಲ್ಸ್ ಇರಲಿ, ಹಾಪರ್ (ಬಾಲ್ ತುಂಬುವ ಡಬ್ಬ) ತೆಗೆದಿರಲಿ, ಒಳಗೆ ಒಂದು ಬಾಲ್ ಕೂಡ ಇರಬಾರದು. ಬ್ಯಾರಲ್ ಯಾರ ಕಡೆಗೂ ತಿರುಗಿರಬಾರದು. ಬೆರಳಿಟ್ಟು ಗಾಳಿ ಹುಡುಕುವ ಅಭ್ಯಾಸ ಬಿಡಿ. ಹತ್ತಿರದಿಂದ ಬರುವ ಹೈ ಪ್ರೆಶರ್ ಗಾಳಿ ಚರ್ಮದೊಳಕ್ಕೆ ನುಗ್ಗಬಲ್ಲದು, ಟ್ಯಾಂಕಿನಲ್ಲಿರುವುದು ಸಿಓಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಆದರೆ ಬೆರಳು ಹೆಪ್ಪುಗಟ್ಟುತ್ತದೆ. ಬ್ಯಾಟರಿ ಹಾಕುವ ಎಲೆಕ್ಟ್ರಾನಿಕ್ ಗನ್ ಆದರೆ ನೀರನ್ನು ಬೋರ್ಡ್ ಇರುವ ಗ್ರಿಪ್ ಹತ್ತಿರ ತರಬೇಡಿ. ಅಲ್ಲಿ ತೆಳುವಾದ ಟಿಶ್ಯೂ ಕಾಗದದ ಚೂರು ಹಿಡಿದು ನೋಡಿ, ಅದು ಅಲುಗಾಡಿದರೆ ಸಾಕು.

ಟ್ಯಾಂಕ್ ಬಿಚ್ಚೋದು ಗೊತ್ತಿಲ್ಲದವರು ಯಾರಿದ್ದಾರೆ? ಅದನ್ನೂ ಹೇಳಬೇಕಾ?

ಹೇಳಲೇಬೇಕು. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಿ ಅಂದರೆ ಇದನ್ನೇ ಓದಿ.

ಸಿಓಟು ಟ್ಯಾಂಕ್‌ನಲ್ಲಿ ಎರಡು ಕಡೆ ಥ್ರೆಡ್ ಇದೆ. ಹಿತ್ತಾಳೆ ವಾಲ್ವ್ ಗನ್ನಿಗೆ ಕೂರುವುದು ಒಂದು, ಅದೇ ವಾಲ್ವ್ ಟ್ಯಾಂಕ್ ಬಾಟಲಿಗೆ ಕೂರುವುದು ಇನ್ನೊಂದು. ನೀವು ಟ್ಯಾಂಕ್ ತಿರುಗಿಸಿದಾಗ ಮೊದಲನೆಯದು ಬಿಚ್ಚಿಕೊಳ್ಳಬೇಕು. ವಾಲ್ವ್ ಸಡಿಲವಾಗಿದ್ದರೆ ಎರಡನೆಯದು ಬಿಚ್ಚಿಕೊಳ್ಳುತ್ತದೆ. ಆಗ ಬಾಟಲಿ ನಿಮ್ಮ ಕೈಯಿಂದ ಹಾರಿಹೋಗುತ್ತದೆ, ಎದುರು ಇದ್ದವರ ಗತಿ ಕೇಳಬೇಡಿ. ಅಮೆರಿಕದಲ್ಲಿ ಹೀಗೆ ಸಾವುಗಳೇ ಆಗಿವೆ.

ತಡೆಯುವ ಉಪಾಯ ಸುಲಭ. ವಾಲ್ವ್ ಮೇಲಿಂದ ಬಾಟಲಿ ಮೇಲಕ್ಕೆ ಒಂದೇ ನೇರ ಗೆರೆ ಎಳೆಯಿರಿ, ಅಕ್ಕನ ನೇಲ್ ಪಾಲಿಶ್ ಸಾಕು. ಬಿಚ್ಚುವಾಗ ಗೆರೆಯ ಎರಡು ತುಂಡೂ ಒಟ್ಟಿಗೆ ತಿರುಗಬೇಕು. ಬಾಟಲಿ ಮಾತ್ರ ತಿರುಗಿ ಗೆರೆ ಮುರಿದರೆ ಅಲ್ಲೇ ನಿಲ್ಲಿಸಿ. ಟ್ಯಾಂಕ್ ಗನ್ನಲ್ಲೇ ಇರಲಿ, ಬಯಲಿನ ಕಡೆ ಬ್ಯಾರಲ್ ಹಿಡಿದು ಗ್ಯಾಸ್ ಪೂರ್ತಿ ಖಾಲಿಯಾಗುವ ತನಕ ಟ್ರಿಗರ್ ಒತ್ತಿ. ಖಾಲಿಯಾದ ಮೇಲೆ ಆ ಟ್ಯಾಂಕನ್ನು ತುಂಬಿಸುವವರಿಗೆ ತೋರಿಸದೆ ಮತ್ತೆ ಬಳಸಬೇಡಿ.

ಎಲ್ಲಾ ಸರಿಯಿದ್ದರೂ ಒಂದೇ ಉಸಿರಿಗೆ ಬಿಚ್ಚಬೇಡಿ. ಮುಕ್ಕಾಲು ಸುತ್ತು ತಿರುಗಿಸಿದರೆ ಟ್ಯಾಂಕ್‌ನ ಪಿನ್ ಮುಚ್ಚಿಕೊಳ್ಳುತ್ತದೆ. ಅಲ್ಲಿ ನಿಲ್ಲಿಸಿ, ಗನ್ನಿನೊಳಗೆ ಉಳಿದ ಗ್ಯಾಸನ್ನು ಶೂಟ್ ಮಾಡಿ ಕಳೆಯಿರಿ, ಸದ್ದು ಸತ್ತ ಮೇಲೆ ಉಳಿದ ಸುತ್ತು ಬಿಚ್ಚಿ.

ಟ್ಯಾಂಕ್ ಕೂರುವ ಜಾಗದಿಂದಲೇ ಸೋರುತ್ತಿದೆ. ಇನ್ನೂ ಬಿಗಿ ಮಾಡಲಾ?

ಬಿಗಿ ಮಾಡಿದರೆ ನಿಲ್ಲುವುದಿಲ್ಲ. ಅಲ್ಲಿ ಸೀಲ್ ಆಗುವುದು ಥ್ರೆಡ್‌ನಿಂದ ಅಲ್ಲ, ಟ್ಯಾಂಕ್ ವಾಲ್ವ್ ತುದಿಯಲ್ಲಿರುವ, ರಬ್ಬರಿನಂಥ ಸಣ್ಣ ಬಳೆಯಾದ ಓ-ರಿಂಗ್‌ನಿಂದ. ಮನೆಯ ಕುಕ್ಕರ್‌ನ ಗ್ಯಾಸ್ಕೆಟ್ ಸತ್ತರೆ ಮುಚ್ಚಳ ಎಷ್ಟು ಒತ್ತಿ ಹಿಡಿದರೂ ಹಬೆ ಬರುತ್ತದಲ್ವಾ, ಅದೇ ಕತೆ.

ನನ್ನ ಟೇಬಲ್ಲಿಗೆ ಬರುವ ಸೋರಿಕೆಗಳಲ್ಲಿ ಇದೇ ಎಲ್ಲಕ್ಕಿಂತ ಜಾಸ್ತಿ. ಕಾರಣವೂ ಹೆಚ್ಚಾಗಿ ಒಂದೇ: ಒಳಗಿನ ಗ್ಯಾಸ್ ಕಳೆಯದೆ ಟ್ಯಾಂಕ್ ಬಿಚ್ಚುವುದು. ಕೊನೆಯ ಸುತ್ತಿನಲ್ಲಿ ಉಳಿದ ಪ್ರೆಶರ್ ಓ-ರಿಂಗನ್ನು ಜಾಗದಿಂದ ಹೊರಕ್ಕೆ ತಳ್ಳುತ್ತದೆ, ಥ್ರೆಡ್‌ನ ಅಂಚು ಅದನ್ನು ಕತ್ತರಿಸುತ್ತದೆ. ರಿಂಗ್ ತೆಗೆದು ಬೆರಳ ಮೇಲೆ ಹಿಗ್ಗಿಸಿ ನೋಡಿ. ಕಚ್ಚು, ಚಪ್ಪಟೆಯಾದ ಭಾಗ, ಸಣ್ಣ ಬಿರುಕು, ಊದಿಕೊಂಡ ಗುಳ್ಳೆ, ಯಾವುದು ಕಂಡರೂ ಎಸೆಯಿರಿ. ತೆಗೆಯಲು ಹಲ್ಲುಕಡ್ಡಿ ಬಳಸಿ. ಸೂಜಿ, ಹೇರ್‌ಪಿನ್ ಬೇಡ, ಅವು ಓ-ರಿಂಗ್ ಕೂರುವ ತೋಡಿನಲ್ಲಿ ಗೀರು ಹಾಕುತ್ತವೆ. ಆ ಗೀರಿನಲ್ಲಿ ಹೊಸ ರಿಂಗ್ ಹಾಕಿದರೂ ಗಾಳಿ ಹೋಗುತ್ತದೆ.

ಹೊಸ ರಿಂಗ್ ಹಾಕಿಯೂ ಸೋರಿದರೆ ಗನ್ನಿನ ಕಡೆಯ ಒಳಮೈ ನೋಡಿ. ಟಾರ್ಚ್ ಬಿಟ್ಟರೆ ಮಣ್ಣಿನ ಕಣ ಅಥವಾ ಹಳೇ ರಿಂಗ್‌ನ ಚೂರು ಕಾಣಬಹುದು.

ಓ-ರಿಂಗ್ ಎಲ್ಲಿ ಸಿಗುತ್ತೆ? ಪಿ.ಬಿ. ರೋಡಿನ ಅಂಗಡಿಗಳಲ್ಲಿ ಕೇಳಬಹುದಾ?

ಕೇಳಬಹುದು, ಆದರೆ ನಂಬರ್ ಹೇಳಿ ಕೇಳಿ. ಟ್ಯಾಂಕ್ ಓ-ರಿಂಗ್‌ನ ಸೈಜ್ 015. ಇದು ಇಂಚಿನ ಲೆಕ್ಕದ ನಂಬರ್. ಮಿಲಿಮೀಟರಿನಲ್ಲಿ ಒಳ ವ್ಯಾಸ 14.00, ದಪ್ಪ 1.78. ಟ್ರಾಕ್ಟರ್ ಸ್ಪೇರ್ ಅಂಗಡಿಯವರು "14ಕ್ಕೆ 2 ಇದೆ, ಒಂದೇ ತಗೊಳ್ಳಿ" ಅನ್ನುತ್ತಾರೆ. ಒಂದೇ ಅಲ್ಲ. 2 ಮಿಲಿಮೀಟರ್ ದಪ್ಪದ್ದು ತೋಡಿನಲ್ಲಿ ಉಬ್ಬಿ ನಿಂತು ಥ್ರೆಡ್‌ಗೆ ಸಿಕ್ಕಿ ಬೇಗ ಹರಿಯುತ್ತದೆ.

ಸೈಜಿನಷ್ಟೇ ಮುಖ್ಯ ಅದು ಯಾವ ವಸ್ತುವಿನದ್ದು ಅನ್ನುವುದು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕಪ್ಪು ನೈಟ್ರೈಲ್. ಹೈ ಪ್ರೆಶರ್ ಗಾಳಿಗೆ ಅದು ನಡೆಯುತ್ತದೆ. ಸಿಓಟುಗೆ ಬೇಡ. ಆ ಗ್ಯಾಸ್ ನೈಟ್ರೈಲ್‌ನೊಳಗೆ ಇಳಿಯುತ್ತದೆ, ಪ್ರೆಶರ್ ತೆಗೆದ ಕೂಡಲೇ ಒಳಗಿನ ಗ್ಯಾಸ್ ಹಿಗ್ಗಿ ರಿಂಗ್ ಊದಿಕೊಳ್ಳುತ್ತದೆ, ಕೆಲವೊಮ್ಮೆ ಸೀಳುತ್ತದೆ. ಟ್ಯಾಂಕ್‌ಗೆ ಯುರೆಥೇನ್, ಗಟ್ಟಿತನ 90ರದ್ದು ಕೇಳಿ. ಹೈಡ್ರಾಲಿಕ್ ಸೀಲ್ ಮಾರುವವರಿಗೆ "90 ಡ್ಯೂರೋ ಪಿಯು" ಅಂದರೆ ಅರ್ಥವಾಗುತ್ತದೆ. ಅಕ್ಕಿ ಗಿರಣಿ, ಟ್ರಾಕ್ಟರ್, ಬೋರ್‌ವೆಲ್ ರಿಗ್ ಇರುವ ಊರಿದು, ಸೀಲ್ ಅಂಗಡಿಗಳಿಗೆ ಬರವಿಲ್ಲ. ಅವರಲ್ಲಿ ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ಒಂದು ಪ್ಯಾಕೆಟ್ ತರಿಸಿಕೊಳ್ಳಿ. ಬಿಸಿಲು ಬೀಳುವ ಕಿಟಕಿ ಮೇಲೆ ಇಡಬೇಡಿ, ಜಿಪ್ ಕವರ್‌ನಲ್ಲಿ ಕತ್ತಲಲ್ಲಿ ಇಡಿ.

ಟ್ಯಾಂಕ್ ಹಾಕಿದ ಕೂಡಲೇ ಬ್ಯಾರಲ್‌ನಿಂದ ಎಲ್ಲಾ ಗ್ಯಾಸ್ ಹೋಗಿಬಿಡುತ್ತೆ. ಗನ್ ಹಾಳಾಯ್ತಾ?

ಕಾಕ್ ಮಾಡಿದ್ದಿರಾ, ಅಂದರೆ ಹಿಡಿ ಎಳೆದು ಒಳಗಿನ ಹ್ಯಾಮರನ್ನು ಹಿಂದಕ್ಕೆ ಸಿಕ್ಕಿಸಿದ್ದಿರಾ? ಟಿಪ್‌ಮನ್ 98, ಸ್ಪೈಡರ್ ಮಾದರಿಯ ಬ್ಲೋಬ್ಯಾಕ್ (ಗ್ಯಾಸೇ ಹ್ಯಾಮರನ್ನು ಮತ್ತೆ ಹಿಂದಕ್ಕೆ ತಳ್ಳುವ) ಗನ್‌ಗಳಲ್ಲಿ ಕಾಕ್ ಮಾಡದೆ ಇದ್ದರೆ ಹ್ಯಾಮರ್ ಮುಂದಕ್ಕೆ ಬಂದು ವಾಲ್ವ್ ಪಿನ್ ಮೇಲೆ ಒರಗಿರುತ್ತದೆ. ವಾಲ್ವ್ ಸ್ವಲ್ಪ ತೆರೆದೇ ಇರುತ್ತದೆ. ಟ್ಯಾಂಕನ್ನು ನಿಧಾನಕ್ಕೆ ತಿರುಗಿಸಿದರೆ ವಾಲ್ವ್ ಮುಚ್ಚುವಷ್ಟು ಪ್ರೆಶರ್ ಕಟ್ಟುವ ಮೊದಲೇ ಗ್ಯಾಸ್ ಹೊರಗೆ ಹೋಗುತ್ತಿರುತ್ತದೆ. ಮೊದಲು ಕಾಕ್ ಮಾಡಿ, ಸೇಫ್ಟಿ ಹಾಕಿ, ಆಮೇಲೆ ಟ್ಯಾಂಕ್. ಅರ್ಧಕ್ಕರ್ಧ ಫೋನ್‌ಗಳು ಇಲ್ಲಿಗೇ ಮುಗಿಯುತ್ತವೆ.

ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಒಂದು ಸಲ ಟ್ರಿಗರ್ ಒತ್ತಿದರೆ ಗನ್ ತಾನೇ ಪಟಪಟ ಹೊಡೆದುಕೊಳ್ಳುವುದೂ ಇದೇ ಜಾತಿಯದ್ದು. ಹ್ಯಾಮರನ್ನು ಪೂರ್ತಿ ಹಿಂದಕ್ಕೆ ತಳ್ಳಲು ಗ್ಯಾಸ್ ಸಾಲದು, ಅದು ಸಿಯರ್‌ಗೆ (ಹ್ಯಾಮರನ್ನು ಹಿಡಿದಿಡುವ ಕೊಕ್ಕೆ) ಸಿಕ್ಕದೆ ವಾಪಸ್ ಬರುತ್ತದೆ. ಟ್ಯಾಂಕ್ ತುಂಬಿಸಿ ನೋಡಿ. ತುಂಬಿದ ಟ್ಯಾಂಕ್‌ನಲ್ಲೂ ಹಾಗೇ ಆದರೆ ಹಿಂದಿನ ಬೋಲ್ಟ್‌ನ, ಅಂದರೆ ಹ್ಯಾಮರ್‌ನ, ಓ-ರಿಂಗ್ ಅಥವಾ ಸವೆದ ಸಿಯರ್.

ಕಾಕ್ ಮಾಡಿದ್ದೇನೆ, ಟ್ಯಾಂಕ್ ತುಂಬಿದೆ. ಆದರೂ ಬ್ಯಾರಲ್‌ನಿಂದ ಸೋರುತ್ತೆ.

ಹಾಗಾದರೆ ಕಪ್ ಸೀಲ್. ವಾಲ್ವ್ ಒಳಗೆ ಸಣ್ಣ ಪಿನ್ ತುದಿಯಲ್ಲಿ ಬಟ್ಟಲಾಕಾರದ ಒಂದು ಪ್ಲಾಸ್ಟಿಕ್ ಸೀಲ್ ಇದೆ. ಸ್ಪ್ರಿಂಗ್ ಮತ್ತು ಗ್ಯಾಸ್ ಪ್ರೆಶರ್ ಸೇರಿ ಅದನ್ನು ವಾಲ್ವ್ ಸೀಟಿಗೆ ಒತ್ತಿ ಹಿಡಿಯುತ್ತವೆ. ಹ್ಯಾಮರ್ ಪಿನ್ನಿಗೆ ಹೊಡೆದಾಗ ಸೀಲ್ ಕ್ಷಣ ಕಾಲ ಏಳುತ್ತದೆ, ಗ್ಯಾಸ್ ಹೊರಟು ಬಾಲನ್ನು ತಳ್ಳುತ್ತದೆ. ಸೀಲ್ ಮುಖದಲ್ಲಿ ಗೀರಾಗಿದ್ದರೆ, ನಡುವೆ ಕಸ ಕೂತಿದ್ದರೆ, ಅದು ಎಂದೂ ಪೂರ್ತಿ ಮುಚ್ಚುವುದಿಲ್ಲ.

ಬಿಚ್ಚುವ ಮೊದಲು ಒಂದು ಪ್ರಯತ್ನ ಮಾಡಿ. ಟ್ಯಾಂಕ್ ತೆಗೆದು ಗನ್ನಿನ ಟ್ಯಾಂಕ್ ಕೂರುವ ತೂತಿಗೆ ಏರ್ ಟೂಲ್ ಎಣ್ಣೆ ಮೂರ್ನಾಲ್ಕು ಹನಿ ಬಿಡಿ. ಟ್ಯಾಂಕ್ ಹಾಕಿ ಬಾಲ್ ಇಲ್ಲದೆ ಹತ್ತಿಪ್ಪತ್ತು ಸಲ ಶೂಟ್ ಮಾಡಿ. ಒಣಗಿದ ಸೀಲ್ ಅಥವಾ ಸಣ್ಣ ಧೂಳು ಆಗಿದ್ದರೆ ಸೋರಿಕೆ ನಿಂತುಬಿಡಬಹುದು. ಇದು ನಿಜಕ್ಕೂ ಕೆಲಸ ಮಾಡುತ್ತದೆ, ಸುಮ್ನೆ ಹೇಳುವುದಲ್ಲ.

ನಿಲ್ಲದಿದ್ದರೆ ಬಿಚ್ಚಬೇಕು. ಟಿಪ್‌ಮನ್ 98ರ ದೇಹ ಎರಡು ಹೋಳು, ಸ್ಕ್ರೂ ಬಿಚ್ಚಿ ಒಂದು ಹೋಳನ್ನು ಮೇಲಕ್ಕೆ ಎತ್ತಿದರೆ ಒಳಗಿನದೆಲ್ಲಾ ಇನ್ನೊಂದರಲ್ಲಿ ಮಲಗಿರುತ್ತದೆ. ಮಂಚದ ಮೇಲೆ ಬಿಳಿ ಪಂಚೆ ಹಾಸಿಕೊಂಡು ಕೂರಿ, ಸಿಡಿದ ಸ್ಪ್ರಿಂಗ್ ಕಾಣುತ್ತದೆ. ಹೋಳು ಎತ್ತಿದ ಕೂಡಲೇ, ಏನನ್ನೂ ಮುಟ್ಟುವ ಮೊದಲು, ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಇನ್ನೊಂದು ಮಾತು: ಅಮೆರಿಕದ ಗನ್‌ಗಳ ಸ್ಕ್ರೂ ಹೆಚ್ಚಾಗಿ ಇಂಚಿನವು. ನಮ್ಮಲ್ಲಿ ಸಿಗುವ ಮಿಲಿಮೀಟರ್ ಅಲೆನ್ ಕೀ ಸಡಿಲವಾಗಿ ಕೂತು ತಲೆಯನ್ನು ಉರುಟು ಮಾಡುತ್ತದೆ. ಇಂಚಿನ ಸೆಟ್ ಒಂದು ಬೇರೆ ಇಟ್ಟುಕೊಳ್ಳಿ.

ವಾಲ್ವ್ ಹೊರಗೆ ಬಂದ ಮೇಲೆ ಕಪ್ ಸೀಲ್ ಮುಖವನ್ನು ಬೆಳಕಿಗೆ ಹಿಡಿಯಿರಿ. ಸೀಟಿನ ಅಚ್ಚು ಉಂಗುರವಾಗಿ ಮೂಡಿರುತ್ತದೆ. ಉಂಗುರ ಒಂದೇ ಸಮ ಇದ್ದರೆ ಅದು ಸಹಜ ಸವೆತ. ಎಲ್ಲಾದರೂ ಗೀರು ಅದನ್ನು ದಾಟಿ ಹೋಗಿದ್ದರೆ ಸೀಲ್ ಬದಲಿಸಿ. ವಾಲ್ವ್ ಸೀಟಿನ ಅಂಚನ್ನು ಉಗುರಿನಿಂದ ಸುತ್ತಲೂ ಸವರಿ ನೋಡಿ. ಅಲ್ಲಿ ಕಚ್ಚು ಸಿಕ್ಕರೆ ಸೀಲ್ ಬದಲಿಸಿ ಪ್ರಯೋಜನವಿಲ್ಲ, ವಾಲ್ವನ್ನೇ ಬದಲಿಸಬೇಕು. ಎಮರಿ ಕಾಗದ ತಿಕ್ಕಿ ಸೀಟು ಸರಿ ಮಾಡುತ್ತೇನೆ ಅನ್ನುವವರಿದ್ದಾರೆ. ಒಂದು ಕಡೆ ಜಾಸ್ತಿ ಸವೆದರೆ ಆ ವಾಲ್ವ್ ಮತ್ತೆಂದೂ ಮುಚ್ಚುವುದಿಲ್ಲ. ವಾಲ್ವ್ ಹೇಗೂ ಕೈಯಲ್ಲಿದೆ, ಅದರ ಹೊರಗಿನ ಓ-ರಿಂಗ್‌ಗಳನ್ನೂ ಇದೇ ಸಲ ಬದಲಿಸಿಬಿಡಿ.

ಟ್ರಿಗರ್ ಹತ್ತಿರ ತಂಪು ಗಾಳಿ ಬರುತ್ತೆ.

ಮೆಕ್ಯಾನಿಕಲ್ ಗನ್ ಆದರೆ ವಾಲ್ವ್ ಸುತ್ತಲಿನ ಓ-ರಿಂಗ್. ಗಾಳಿ ವಾಲ್ವ್ ಮತ್ತು ದೇಹದ ನಡುವಿನಿಂದ ನುಸುಳಿ ಕೆಳಗಿನ ಸಂದಿನಲ್ಲಿ ಬರುತ್ತದೆ. ಎಲೆಕ್ಟ್ರಾನಿಕ್ ಆದರೆ ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಮತ್ತು ಅದು ಕೂರುವ ಜಾಗದ ಗ್ಯಾಸ್ಕೆಟ್ ನೋಡಿ. ಸೊಲೆನಾಯ್ಡ್ ಸ್ಕ್ರೂ ಬಹಳ ಸಣ್ಣವು, ಬಿಗಿ ಮಾಡುವ ಭರದಲ್ಲಿ ಥ್ರೆಡ್ ಕಿತ್ತುಬಿಡಬೇಡಿ. ಸೊಲೆನಾಯ್ಡ್ ಒಳಗೇ ಸೋರುತ್ತಿದ್ದರೆ ಹೊಸದು ಹಾಕುವುದೇ ವಾಸಿ.

ಹೋಸ್ ಫಿಟ್ಟಿಂಗ್ ಸೋರುತ್ತೆ. ಹಾರ್ಡ್‌ವೇರ್ ಅಂಗಡಿ ಫಿಟ್ಟಿಂಗ್ ಹಾಕಿದೆ, ಇನ್ನೂ ಜಾಸ್ತಿ ಆಯ್ತು.

ಆಗಲೇಬೇಕು. ಗನ್ನಿನ ಫಿಟ್ಟಿಂಗ್‌ಗಳು ಸಾಮಾನ್ಯವಾಗಿ ಕಾಲಂಗುಲದ ಅರ್ಧ, ಅಂದರೆ 1/8 ಇಂಚಿನ ಎನ್‌ಪಿಟಿ, ಅಂದರೆ ಅಮೆರಿಕದ ಪೈಪ್ ಥ್ರೆಡ್. ಇಂಚಿಗೆ 27 ಸುತ್ತು, ಕೋನ 60 ಡಿಗ್ರಿ. ನಮ್ಮ ಅಂಗಡಿಗಳಲ್ಲಿ ಸಿಗುವುದು ಬಿಎಸ್‌ಪಿ, ಅಂದರೆ ಬ್ರಿಟಿಷ್ ಪೈಪ್ ಥ್ರೆಡ್. ಅದರಲ್ಲಿ ಇಂಚಿಗೆ 28 ಸುತ್ತು, ಕೋನ 55 ಡಿಗ್ರಿ. ವ್ಯತ್ಯಾಸ ಇಷ್ಟೇ ಇರುವುದರಿಂದಲೇ ತೊಂದರೆ. ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ, "ಸರಿ ಕೂತಿತು" ಅನ್ನಿಸುತ್ತದೆ. ಒಳಗೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಹೋಗಿರುತ್ತದೆ. ಕೊಳ್ಳುವಾಗ ಎನ್‌ಪಿಟಿ ಅಂತಲೇ ಕೇಳಿ, ಹಳೆಯದನ್ನು ಜೊತೆಗೆ ಒಯ್ದು ಥ್ರೆಡ್‌ಗೆ ಥ್ರೆಡ್ ಸೇರಿಸಿ ಬೆಳಕಿಗೆ ಹಿಡಿದು ನೋಡಿ.

ಟೆಫ್ಲಾನ್ ಟೇಪ್ ಸುತ್ತುವುದಾದರೆ ತುದಿಯ ಎರಡು ಸುತ್ತು ಖಾಲಿ ಬಿಡಿ. ತುದಿವರೆಗೆ ಸುತ್ತಿದರೆ ಟೇಪ್‌ನ ಎಳೆ ಕಿತ್ತು ವಾಲ್ವ್ ಒಳಗೆ ಹೋಗುತ್ತದೆ, ಸಂಜೆ ಹೊತ್ತಿಗೆ ಬ್ಯಾರಲ್ ಸೋರಿಕೆ ಶುರು. ಟೇಪಿಗಿಂತ ದ್ರವ ಥ್ರೆಡ್ ಸೀಲೆಂಟ್ ನನಗೆ ಇಷ್ಟ. ಹಚ್ಚಿದ ಮೇಲೆ ಒಂದು ರಾತ್ರಿ ಒಣಗಲು ಬಿಡಿ.

ಇನ್ನು ಮ್ಯಾಕ್ರೋಲೈನ್, ಅಂದರೆ ಫಿಟ್ಟಿಂಗ್‌ಗೆ ಒತ್ತಿ ಸೇರಿಸುವ ಪ್ಲಾಸ್ಟಿಕ್ ಟ್ಯೂಬ್. ಅದರ ತುದಿ ನೇರವಾಗಿ ಕತ್ತರಿಸಿರಬೇಕು, ಹೊರಮೈಯಲ್ಲಿ ಗೀರಿರಬಾರದು. ಸೋರುತ್ತಿದ್ದರೆ ಹೊಸ ಬ್ಲೇಡ್‌ನಿಂದ ಅರ್ಧ ಇಂಚು ಕತ್ತರಿಸಿ ಮತ್ತೆ ಒತ್ತಿ. ಬಹುಪಾಲು ಅಷ್ಟಕ್ಕೇ ನಿಲ್ಲುತ್ತದೆ.

ಟ್ಯೂಬ್ ಬದಲಿಸಬೇಕಾದರೆ ಮಾತ್ರ ಎಚ್ಚರ. ಪ್ಯಾಕಿಂಗ್ ಮಶೀನ್‌ಗಳಿಗೆ ಹಾಕುವ ನೀಲಿ ಪಿಯು ಟ್ಯೂಬ್ ನಮ್ಮಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ನೋಡಲು ಅದೇ ಥರ. ಅದು 6 ಮಿಲಿಮೀಟರ್, ಗನ್ನಿನದು ಕಾಲಿಂಚು ಅಂದರೆ 6.35. ಸಡಿಲವಾಗಿ ಕೂರುತ್ತದೆ ಅನ್ನುವುದು ಸಣ್ಣ ತೊಂದರೆ. ದೊಡ್ಡ ತೊಂದರೆ ಬೇರೆ: ಆ ಟ್ಯೂಬ್ ತಡೆಯುವುದು ಸುಮಾರು 10 ಬಾರ್, ಅಂದರೆ 145 ಪಿಎಸ್‌ಐ (ಬಾರ್, ಪಿಎಸ್‌ಐ ಎರಡೂ ಪ್ರೆಶರ್ ಅಳೆಯುವ ಲೆಕ್ಕ). ಟ್ಯಾಂಕ್‌ನಿಂದ ಗನ್ನಿಗೆ ಬರುವ ಪ್ರೆಶರ್ ಸಾಮಾನ್ಯವಾಗಿ 450ರಿಂದ 850 ಪಿಎಸ್‌ಐ, ಸಿಓಟು ಆದರೆ ಬಿಸಿಲಿಗೆ ಇನ್ನೂ ಜಾಸ್ತಿ. ಅದು ಸಿಡಿದು ಮುಖಕ್ಕೆ ಬಡಿಯುವುದನ್ನು ನೋಡುವ ಆಸೆ ನನಗಿಲ್ಲ.

ಗನ್ನಿನಿಂದ ಬಿಚ್ಚಿಟ್ಟ ಟ್ಯಾಂಕ್ ರಾತ್ರಿ ಕಳೆಯುವುದರೊಳಗೆ ಖಾಲಿ. ಗನ್ನಿನ ತಪ್ಪಾ?

ಗನ್ನಿನಿಂದ ಬಿಚ್ಚಿಟ್ಟಿದ್ದೀರಿ ಅಂದ ಮೇಲೆ ಅದರದ್ದೇನು ತಪ್ಪು? ಟ್ಯಾಂಕ್ ತಾನೇ ಸೋರುತ್ತಿದೆ. ಪಂಕ್ಚರ್ ಅಂಗಡಿಯವರು ಟ್ಯೂಬ್ ಮುಳುಗಿಸುವ ಬಾನಿಯಲ್ಲಿ ಮಾಡುವ ಕೆಲಸವನ್ನೇ ಬಕೆಟ್‌ನಲ್ಲಿ ಮಾಡಿ. ಸಿಓಟು ಟ್ಯಾಂಕ್ ವಾಲ್ವ್ ಮುಳುಗುವಷ್ಟು ಇಳಿಸಿ. ಗುಳ್ಳೆ ನಡುವಿನ ಪಿನ್ನಿನಿಂದ ಬಂದರೆ ಒಳಗಿನ ಪಿನ್ ವಾಲ್ವ್. ವಾಲ್ವ್ ಪಕ್ಕದ ಸಣ್ಣ ನಟ್‌ನಿಂದ ಬಂದರೆ ಬರ್ಸ್ಟ್ ಡಿಸ್ಕ್ (ಪ್ರೆಶರ್ ಮಿತಿ ಮೀರಿದರೆ ಒಡೆದು ಗ್ಯಾಸ್ ಬಿಡುವ ತೆಳು ತಗಡು). ಬಾಟಲಿ ಕುತ್ತಿಗೆಯಿಂದ ಬಂದರೆ ಕುತ್ತಿಗೆಯ ಸೀಲ್. ಮೂರರಲ್ಲಿ ಒಂದನ್ನೂ ಮನೆಯಲ್ಲಿ ಬಿಚ್ಚಬಾರದು. ಖಾಲಿ ಮಾಡಿ, ಟ್ಯಾಂಕ್ ಕೆಲಸ ಗೊತ್ತಿರುವವರಿಗೆ ಕೊಡಿ. ಬರ್ಸ್ಟ್ ಡಿಸ್ಕ್ ಪದೇ ಪದೇ ಹೋಗುತ್ತದೆ ಅಂತ ಒಂದರ ಮೇಲೆ ಒಂದು ಎರಡು ಡಿಸ್ಕ್ ಹಾಕುವವರನ್ನು ಕಂಡಿದ್ದೇನೆ. ಡಿಸ್ಕ್ ಒಡೆಯಬೇಕಾದಾಗ ಒಡೆಯದಿದ್ದರೆ ಬಾಟಲಿಯೇ ಒಡೆಯುತ್ತದೆ.

ಗುಳ್ಳೆ ಕಾಣದಷ್ಟು ನಿಧಾನ ಸೋರಿಕೆಗೆ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ರಾತ್ರಿ ತೂಗಿ, ಬೆಳಿಗ್ಗೆ ತೂಗಿ. 20 ಔನ್ಸ್ ಟ್ಯಾಂಕ್‌ನಲ್ಲಿ ತುಂಬಿದಾಗ 567 ಗ್ರಾಂ ಸಿಓಟು ಇರುತ್ತದೆ, ಹತ್ತಿಪ್ಪತ್ತು ಗ್ರಾಂ ಕಡಿಮೆಯಾದರೂ ತಕ್ಕಡಿ ಹೇಳುತ್ತದೆ. ಹೈ ಪ್ರೆಶರ್ ಗಾಳಿ ಟ್ಯಾಂಕ್ ಆದರೆ ಮೇಲೆ ಗೇಜ್ ಇದೆ, ಅದನ್ನೇ ನೋಡಿ. ತುಂಬಿದ ತಕ್ಷಣ ಟ್ಯಾಂಕ್ ಬಿಸಿಯಾಗಿರುತ್ತದೆ, ತಣ್ಣಗಾದ ಮೇಲೆ ಮುಳ್ಳು ಸ್ವಲ್ಪ ಇಳಿಯುವುದು ಸೋರಿಕೆ ಅಲ್ಲ. ಗಾಳಿ ತುಂಬುವ ನಿಪ್ಪಲ್‌ನಿಂದ ಸಣ್ಣಗೆ ಸದ್ದು ಬಂದರೆ ಅಲ್ಲಿ ಧೂಳು ಕೂತಿದೆ. ಇನ್ನೊಂದು ಸಲ ತುಂಬಿದಾಗ ಹಲವು ಬಾರಿ ತಾನೇ ಸರಿಹೋಗುತ್ತದೆ.

ಏಪ್ರಿಲ್ ಬಂತು ಅಂದ್ರೆ ಎಲ್ಲಾ ಗನ್ನೂ ಸೋರುತ್ತೆ. ಯಾಕೆ?

ಸಿಓಟು ಬಾಟಲಿಯೊಳಗೆ ದ್ರವವಾಗಿರುತ್ತದೆ, ಅದರ ಪ್ರೆಶರ್ ನಿಂತಿರುವುದು ಉಷ್ಣತೆ ಮೇಲೆ. 15 ಡಿಗ್ರಿ ಚಳಿಯ ಬೆಳಿಗ್ಗೆ ಸುಮಾರು 740 ಪಿಎಸ್‌ಐ. 21 ಡಿಗ್ರಿಯಲ್ಲಿ 850 ಹತ್ತಿರ. 30 ಡಿಗ್ರಿಗೆ 1,000 ದಾಟುತ್ತದೆ. 31 ಡಿಗ್ರಿ ಮೇಲೆ ಒಳಗೆ ದ್ರವ, ಅನಿಲ ಅನ್ನುವ ಭೇದವೇ ಉಳಿಯುವುದಿಲ್ಲ, ಆಮೇಲೆ ಪ್ರೆಶರ್ ಎಷ್ಟಾಗುತ್ತದೆ ಅನ್ನುವುದು ಬಾಟಲಿಯನ್ನು ಎಷ್ಟು ತುಂಬಿದ್ದೀರಿ ಅನ್ನುವುದರ ಮೇಲೆ. ನಮ್ಮ ಬೇಸಿಗೆ ಮಧ್ಯಾಹ್ನ ನೆರಳಿನಲ್ಲೇ 38 ಡಿಗ್ರಿ ಮುಟ್ಟುತ್ತದೆ. ಜನವರಿಯಲ್ಲಿ ಹೇಗೋ ತಡೆದುಕೊಂಡಿದ್ದ ಹಳೇ ಸೀಲ್‌ಗಳು ಆಗ ಕೈ ಎತ್ತುತ್ತವೆ.

ಆದ್ದರಿಂದ ಸಿಓಟು ಯಾವಾಗಲೂ ತೂಕ ನೋಡಿ ತುಂಬಿಸಿ, ಬಾಟಲಿ ಮೇಲೆ ಬರೆದಿರುವುದಕ್ಕಿಂತ ಒಂದು ಗ್ರಾಂ ಜಾಸ್ತಿ ಬೇಡ. "ಸ್ವಲ್ಪ ಜಾಸ್ತಿ ಹಾಕಿಕೊಡಿ" ಅನ್ನುವುದು ತರಕಾರಿ ಸಂತೆಯಲ್ಲಿ ಸರಿ. ತುಂಬಿದ ಟ್ಯಾಂಕನ್ನು ಬಿಸಿಲಿನ ಕಾರಿನಲ್ಲಿ ಬಿಟ್ಟು ಬೆಣ್ಣೆದೋಸೆ ತಿನ್ನಲು ಹೋಗಬೇಡಿ. ಡಿಸ್ಕ್ ಒಡೆದರೆ ಮುಚ್ಚಿದ ಕಾರಿನಲ್ಲಿ ಪೂರ್ತಿ ಸಿಓಟು ತುಂಬಿಕೊಳ್ಳುತ್ತದೆ. ಬಾಗಿಲು ತೆಗೆದು, ದೂರ ನಿಂತು, ಗಾಳಿ ಆಡಿದ ಮೇಲೆಯೇ ಒಳಗೆ ಕೂರಬೇಕು.

ಬೇಸಿಗೆಯಲ್ಲಿ ಜಾಸ್ತಿ ಆಡುವವರಿಗೆ ನನ್ನ ಸಲಹೆ, ಸಾಧ್ಯವಿದ್ದರೆ ಹೈ ಪ್ರೆಶರ್ ಗಾಳಿಗೆ ಬದಲಾಗಿ. ಖರ್ಚಿದೆ, ತುಂಬಿಸಲು ಓಡಾಟವಿದೆ. ಆದರೆ ಟ್ಯಾಂಕ್‌ನ ರೆಗ್ಯುಲೇಟರ್ ಗನ್ನಿಗೆ ಒಂದೇ ಸಮ ಪ್ರೆಶರ್ ಕೊಡುತ್ತದೆ, ಸೀಲ್‌ಗಳೂ ಹೆಚ್ಚು ಕಾಲ ಬಾಳುತ್ತವೆ.

ವೇಗವಾಗಿ ಹೊಡೆದಾಗ ಗನ್ ಮೇಲೆ ಮಂಜು ಕಟ್ಟಿ ಸೋರುತ್ತೆ. ಹತ್ತು ನಿಮಿಷ ಬಿಟ್ಟರೆ ಸರಿ.

ದ್ರವ ಸಿಓಟು ಗನ್ನಿನೊಳಗೆ ಬರುತ್ತಿದೆ. ಅದು ಅಲ್ಲಿ ಅನಿಲವಾಗುವಾಗ ಸುತ್ತಲಿನ ಬಿಸಿಯನ್ನೆಲ್ಲಾ ಹೀರುತ್ತದೆ, ಸೀಲ್‌ಗಳು ಚಳಿಗೆ ಪೆಡಸಾಗಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಬ್ಯಾರಲ್ ಕೆಳಮುಖ ಮಾಡಿ ಓಡುವುದನ್ನು ಬಿಡಿ, ಟ್ಯಾಂಕ್ ತಳ ಮೇಲೆ ಬಂದರೆ ದ್ರವ ನೇರ ವಾಲ್ವ್‌ಗೆ ಇಳಿಯುತ್ತದೆ. ದ್ರವ ವಾಲ್ವ್‌ಗೆ ಹೋಗದಂತೆ ತಡೆಯುವ ಆ್ಯಂಟಿ ಸೈಫನ್ ಟ್ಯೂಬ್ ಹಾಕಿದ ಟ್ಯಾಂಕ್ ಇದ್ದರೆ ಒಳ್ಳೆಯದು. ಬೇರೇನೂ ಬದಲಿಸಬೇಕಿಲ್ಲ.

ಕೊಬ್ಬರಿ ಎಣ್ಣೆ ಹಾಕಬಹುದಾ? ಮನೆಯಲ್ಲಿ ಅದೇ ಇರೋದು.

ಬೇಡ. ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ, ಸಿಓಟು ಗನ್ನಿನ ಒಳಗು ಅದಕ್ಕಿಂತ ಎಷ್ಟೋ ತಂಪು. ತುಕ್ಕು ಬಿಡಿಸುವ ಸ್ಪ್ರೇ, ಪೆಟ್ರೋಲ್, ಥಿನ್ನರ್ ಇವೂ ಬೇಡ, ಸೀಲ್‌ಗಳನ್ನು ಊದಿಸುತ್ತವೆ ಇಲ್ಲವೇ ಒಣಗಿಸುತ್ತವೆ. ಬ್ಲೋಬ್ಯಾಕ್ ಗನ್ನಿಗೆ ಏರ್ ಟೂಲ್ ಎಣ್ಣೆ. ಮುಂದೆ ಹೇಳುವ ಸ್ಪೂಲ್ ಮಾದರಿಗೆ ತಯಾರಕರು ಹೇಳಿದ ಗ್ರೀಸ್ ಮಾತ್ರ, ತೆಳುವಾಗಿ.

ಹೈ ಪ್ರೆಶರ್ ಟ್ಯಾಂಕ್‌ನ ತುಂಬುವ ನಿಪ್ಪಲ್‌ಗೆ ಯಾವ ಎಣ್ಣೆಯನ್ನೂ ಯಾವತ್ತೂ ಬಿಡಬಾರದು. ಗಾಳಿ ಒಮ್ಮೆಲೇ ನುಗ್ಗಿ ಒತ್ತಿಕೊಂಡಾಗ ಬಿಸಿ ಏರಿ ಎಣ್ಣೆ ಹತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ ನಡೆಯುವುದೇ ಹೀಗೆ.

ಎಮೆಕ್ ಥರದ ಸ್ಪೂಲ್ ಗನ್. ಇದರಲ್ಲಿ ಕಪ್ ಸೀಲೇ ಇಲ್ಲವಲ್ಲ?

ಇಲ್ಲ. ಅದರಲ್ಲಿ ಬಾಲನ್ನು ಬ್ಯಾರಲ್ ಒಳಗೆ ತಳ್ಳುವ ಬೋಲ್ಟೇ ವಾಲ್ವ್‌ನ ಕೆಲಸ ಮಾಡುತ್ತದೆ, ಮೈಮೇಲಿನ ಓ-ರಿಂಗ್‌ಗಳು ಗಾಳಿ ಹಿಡಿದಿಡುತ್ತವೆ. ಬ್ಯಾರಲ್‌ನಿಂದ ಸೋರಿದರೆ ಬೋಲ್ಟ್ ಹೊರತೆಗೆದು ರಿಂಗ್‌ಗಳನ್ನು ಒಂದೊಂದಾಗಿ ನೋಡಿ. ಒಡೆದ ಬಾಲ್‌ನ ಅಂಟು ಅಲ್ಲಿ ಸೇರಿಕೊಳ್ಳುವುದು ಮಾಮೂಲು. ಚಿಪ್ಪು ಜೆಲಟಿನ್‌ನದ್ದು, ಬೆಚ್ಚಗಿನ ನೀರಲ್ಲಿ ಹೋಗುತ್ತದೆ. ಒರೆಸಿ, ಒಣಗಿಸಿ, ಹೊಸದಾಗಿ ಗ್ರೀಸ್ ಹಚ್ಚಿ. ಯಾವ ರಿಂಗ್ ಅಂತ ಗೊತ್ತಾಗದಿದ್ದರೆ ಒಂದು ಬದಲಿಸಿ, ಗಾಳಿ ಹಾಕಿ, ಆಮೇಲೆ ಮುಂದಿನದು. ಎಲ್ಲಾ ಒಟ್ಟಿಗೆ ಬದಲಿಸಿದರೆ ಸೋರಿಕೆ ನಿಲ್ಲಬಹುದು, ಮುಂದಿನ ಸಲ ಮತ್ತೆ ಮೊದಲಿಂದ ಹುಡುಕಬೇಕು.

ರೆಗ್ಯುಲೇಟರ್‌ನ ಸಣ್ಣ ತೂತಿನಿಂದ ಗಾಳಿ. ಅದನ್ನು ಮುಚ್ಚಿಬಿಡಲಾ?

ಮುಚ್ಚಬೇಡಿ! ಆ ತೂತಿನಿಂದ ಗಾಳಿ ಬರುತ್ತಿದೆ ಅಂದರೆ ಒಳಗಿನ ಪಿಸ್ಟನ್ ಓ-ರಿಂಗ್ ಹೋಗಿದೆ ಅಂತ ಅರ್ಥ. ಗನ್ನಿನ ರೆಗ್ಯುಲೇಟರ್ ಆದರೆ ಕಿಟ್ ತರಿಸಿ ರಿಂಗ್ ಬದಲಿಸಬಹುದು. ಟ್ಯಾಂಕ್ ಮೇಲಿನದಾದರೆ ಗೊತ್ತಿರುವವರಿಗೆ ಕೊಡಿ. ಹೊಡೆಯದೆ ಇಟ್ಟಾಗ ಪ್ರೆಶರ್ ತಾನೇ ಏರುತ್ತಾ ಹೋಗಿ ಮೊದಲ ಬಾಲ್ ಜೋರಾಗಿ ಹೋಗುತ್ತದೆ ಅಂದರೆ ರೆಗ್ಯುಲೇಟರ್ ಸೀಟು ಸವೆದಿದೆ.

ಎಂ-ಸೀಲ್, ಫೆವಿಕ್ವಿಕ್?

ಇಲ್ಲ.

ಪಂಕ್ಚರ್ ಅಂಗಡಿ ಕಂಪ್ರೆಸರ್‌ನಲ್ಲಿ ಟ್ಯಾಂಕ್ ತುಂಬಿಸಿ ಸೋರಿಕೆ ಟೆಸ್ಟ್ ಮಾಡಬಹುದಾ? ವೆಲ್ಡಿಂಗ್ ಅಂಗಡಿ ಆಕ್ಸಿಜನ್?

ಟೈರ್ ಕಂಪ್ರೆಸರ್ ಕೊಡುವುದು ಹತ್ತು ಹನ್ನೆರಡು ಬಾರ್. ನಿಮ್ಮ ಟ್ಯಾಂಕ್ 3,000 ಪಿಎಸ್‌ಐದು ಆದರೆ 207 ಬಾರ್ ಬೇಕು, 4,500ದು ಆದರೆ 310. ಅದರಿಂದ ಏನೂ ಆಗುವುದಿಲ್ಲ, ತೇವ ಮಾತ್ರ ಒಳಗೆ ಹೋಗುತ್ತದೆ.

ಆಕ್ಸಿಜನ್ ಮಾತ್ರ ಬೇಡವೇ ಬೇಡ. ಗನ್ನಿನೊಳಗೆ ಎಣ್ಣೆ, ಗ್ರೀಸ್ ಇದೆ. ಹೈ ಪ್ರೆಶರ್ ಆಕ್ಸಿಜನ್ ತಗುಲಿದರೆ ಕಿಡಿ ಇಲ್ಲದೆಯೇ ಹೊತ್ತಿ ಸಿಡಿಯುತ್ತದೆ. ಇದು ಚರ್ಚೆಯ ವಿಷಯವಲ್ಲ.

ತುಂಬಿಸುವ ಮೊದಲು ಟ್ಯಾಂಕ್ ಮೇಲಿನ ಹೈಡ್ರೋ ಟೆಸ್ಟ್ (ನೀರಿನ ಪ್ರೆಶರ್‌ನಿಂದ ಟ್ಯಾಂಕ್ ಗಟ್ಟಿ ಇದೆಯಾ ನೋಡುವ ಪರೀಕ್ಷೆ) ತಾರೀಖನ್ನೂ ನೋಡಿ. ಅಮೆರಿಕದಿಂದ ಬಂದ ಹೈ ಪ್ರೆಶರ್ ಟ್ಯಾಂಕ್‌ಗಳಿಗೆ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಟೆಸ್ಟ್ ಆಗಬೇಕು. ಕಾರ್ಬನ್ ಫೈಬರ್ ಸುತ್ತಿದವುಗಳ ಆಯಸ್ಸು ಹೆಚ್ಚಾಗಿ 15 ವರ್ಷ.

ಚಿತ್ರದುರ್ಗದ ಕಡೆ ಆಡಿ ಬಂದ ಮೇಲೆ ಯಾವಾಗಲೂ ಸೋರಿಕೆ. ಅಲ್ಲಿನ ಗಾಳಿಯಲ್ಲಿ ಏನಿದೆ?

ಜೋಗಿಮಟ್ಟಿ ಕಡೆ ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲ. ಬಂಡೆ ಊರು, ಮಳೆ ಕಡಿಮೆ, ಗಾಳಿ ಜೋರು. ಆ ಗಾಳಿಯಲ್ಲಿ ಕಲ್ಲಿನ ಸಣ್ಣ ಮರಳಿರುತ್ತದೆ, ಅದು ಸೀಲಿನ ಮುಖ ಗೀರುವಷ್ಟು ಗಟ್ಟಿ. ನಮ್ಮ ಕಡೆ ಭದ್ರಾ ಕಾಲುವೆ ಊರುಗಳಲ್ಲಿ ಭತ್ತದ ಕೊಯ್ಲಿನ ಹೊತ್ತಿಗೆ ಹೊಟ್ಟಿನ ಧೂಳು. ಅದು ಮೆತ್ತಗೆ, ಆದರೆ ಎಣ್ಣೆಗೆ ಅಂಟಿ ಗಸಿಯಾಗುತ್ತದೆ. ಎರಡಕ್ಕೂ ಮದ್ದು ಒಂದೇ. ಬಿಚ್ಚಿದ ಟ್ಯಾಂಕ್‌ನ ಥ್ರೆಡ್‌ಗೆ ಕ್ಯಾಪ್ ಹಾಕಿ, ಗನ್ನಿನ ತೂತಿಗೆ ಬಟ್ಟೆ ತುರುಕಿ. ಟ್ಯಾಂಕನ್ನು ನೆಲಕ್ಕೆ ಇಡಬೇಡಿ. ಮತ್ತೆ ಹಾಕುವ ಮೊದಲು ಓ-ರಿಂಗನ್ನು ಬೆರಳಿಂದ ಒರೆಸಿ. ಎಣ್ಣೆ ಜಾಸ್ತಿ ಸುರಿದಷ್ಟೂ ಧೂಳು ಜಾಸ್ತಿ ಹಿಡಿಯುತ್ತದೆ.

ಸೋರಿಕೆ ನಿಂತಿತು. ಭಾನುವಾರ ನೇರ ಆಟಕ್ಕೆ ಇಳಿಯಬಹುದಾ?

ಅರ್ಧ ಗಂಟೆ ಗಾಳಿ ಹಾಕಿ ಇಟ್ಟು ನೋಡಿ, ಸೋಪು ನೀರು ಇನ್ನೊಂದು ಸಲ ಹಚ್ಚಿ. ಆಮೇಲೆ ಕ್ರೋನೋಗ್ರಾಫ್ (ಬಾಲಿನ ವೇಗ ಅಳೆಯುವ ಯಂತ್ರ) ಮುಂದೆ ನಿಲ್ಲಿ. ಕಪ್ ಸೀಲ್, ವಾಲ್ವ್, ಸ್ಪ್ರಿಂಗ್, ರೆಗ್ಯುಲೇಟರ್ ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ಬಾಲಿನ ವೇಗ ಬದಲಾಗುತ್ತದೆ. ಸೋರುತ್ತಿದ್ದಾಗ ವೇಗ ಸಾಲದು ಅಂತ ಸ್ಕ್ರೂ ತಿರುಗಿಸಿ ಏರಿಸಿದ್ದವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಸೋರಿಕೆ ನಿಂತ ಮೇಲೆ ಅದೇ ಸೆಟ್ಟಿಂಗ್‌ನಲ್ಲಿ ಬಾಲ್ ಮಿತಿ ಮೀರಿ ಹೋಗುತ್ತದೆ. ಸೆಕೆಂಡಿಗೆ 300 ಅಡಿ ಯಾವ ಕಾರಣಕ್ಕೂ ದಾಟಬಾರದು, ಬಾಡಿಗೆ ಗನ್‌ಗಳನ್ನು ನಾನು 280ರ ಒಳಗೇ ಇಡುತ್ತೇನೆ. ನಾಲ್ಕೈದು ಬಾಲ್ ಹೊಡೆದು ಎಲ್ಲವೂ ಹತ್ತಿರ ಹತ್ತಿರ ಬಂದರೆ ಆಡಿ. ಒಂದು 240, ಇನ್ನೊಂದು 290 ಅಂತ ಕುಣಿಯುತ್ತಿದ್ದರೆ ಒಳಗೆ ಇನ್ನೂ ಏನೋ ಬಾಕಿ ಇದೆ, ಸೋಪಿನ ಲೋಟ ಮತ್ತೆ ತೆಗೆದುಕೊಳ್ಳಿ.